ಅಡ್ಡಪಟ್ಟಿ ಹಾಕೋ ಮುಂಚೆ, ಎಲ್ಲಿ ಬಾಗ್ತಿದೆ ಅಂತ ನೋಡಿ

ಹೋದ ತಿಂಗಳು ನಮ್ಮ ಕನ್ನಡ ಸಂಘದ ಹಳೇ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಇದೇ ಕಾಲೇಜಲ್ಲಿ ಓದಿ, ಅಮೆರಿಕದಲ್ಲಿ ಎಂಎಸ್ ಮುಗಿಸಿ, ಅಲ್ಲೇ ಕೆಲಸಕ್ಕೆ ಸೇರಿರೋ ಸೀನಿಯರ್ ಅಣ್ಣ ಒಬ್ಬರು ಕಳಿಸಿದ್ದು. ಕೆಂಪು ಬಣ್ಣದ, ತಲೆ ಮೇಲೆ ಟಾಪ್ ಇಲ್ಲದ, ಎರಡೇ ಸೀಟಿನ ಪುಟ್ಟ ಕಾರು. 1991ರ ಮಾಜ್ದಾ ಎಂಎಕ್ಸ್-5. ವಯಸ್ಸು ನೋಡಿದ್ರೆ ನಾವೆಲ್ಲ ಆ ಕಾರಿಗೂ ಅಣ್ಣ ಅನ್ನಬೇಕು. ನಮ್ಮ ದೇಶದಲ್ಲಿ ಮಾಜ್ದಾ ಇದನ್ನ ಮಾರಿಲ್ಲ, ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಇದನ್ನ ನೋಡಿರೋದು ಗೇಮ್‌ನಲ್ಲಿ ಮಾತ್ರ.

ಫೋಟೋ ಕೆಳಗೆ ಒಂದು ಪ್ರಶ್ನೆ ಇತ್ತು. "ಮೂರು ಪಾರ್ಟ್ ಕಾರ್ಟ್‌ನಲ್ಲಿ ಹಾಕಿಟ್ಟಿದ್ದೀನಿ. ಮುಂದೆ ಸ್ಟ್ರಟ್ ಬಾರ್, ಅಡಿಗೆ ಚಾಸಿಸ್ ಬ್ರೇಸ್, ಎಂಜಿನ್‌ಗೆ ಡ್ಯಾಂಪರ್. ಮೂರೂ ಸೇರಿ ಅರ್ಧ ತಿಂಗಳ ಬಾಡಿಗೆ ಆಗುತ್ತೆ. ಎಜುಕೇಶನ್ ಲೋನ್ ಇನ್ನೂ ಮುಗಿದಿಲ್ಲ. ಹಾಕಿಸಲಾ, ಬೇಡ್ವಾ? ಎಂಜಿನಿಯರಿಂಗ್ ಓದ್ತಿದ್ದೀರಲ್ಲ, ಹೇಳ್ರೋ."

ಗ್ರೂಪು ಬ್ರ್ಯಾಂಚ್ ಪ್ರಕಾರ ಒಡೆದುಹೋಯ್ತು. ಸಿವಿಲ್‌ನವರು, "ಬ್ರೇಸಿಂಗ್ ಹಾಕಿದ್ರೆ ನಷ್ಟ ಏನು, ಕಟ್ಟಡಕ್ಕೇ ಹಾಕ್ತಾರೆ" ಅಂದ್ರು. ಕಂಪ್ಯೂಟರ್ ಸೈನ್ಸ್‌ನವರು ಯೂಟ್ಯೂಬ್ ಲಿಂಕ್ ಸುರಿದ್ರು. ಮೆಕ್ಯಾನಿಕಲ್‌ನ ನಾವು ಕ್ಯಾಂಟೀನಲ್ಲಿ ಮೂರು ದಿನ ಪೇಪರ್ ನ್ಯಾಪ್ಕಿನ್ ಮೇಲೆ ಲೆಕ್ಕ ಹಾಕಿದ್ವಿ. ಆ ನ್ಯಾಪ್ಕಿನ್‌ಗಳೇ ಈ ಲೇಖನ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಈ ಪಾರ್ಟ್‌ಗಳು ಮೋಸ ಅಲ್ಲ. ಕಾರಲ್ಲಿ ಎಲ್ಲಿ ಬಾಗ್ತಿದೆ, ಎಲ್ಲಿ ನಡುಗ್ತಿದೆ ಅಂತ ಗೊತ್ತಿದ್ದವರಿಗೆ ಇವು ಕೆಲಸಕ್ಕೆ ಬರುತ್ತವೆ. ಗೊತ್ತಿಲ್ಲದೆ ಹಾಕಿಸಿದವರಿಗೆ ಸಿಗೋದು ಬಾನೆಟ್ ತೆಗೆದಾಗ ಚೆಂದ ಕಾಣೋ ಒಂದು ಬಣ್ಣದ ಪೈಪು.

ಗಟ್ಟಿ ಬೇರೆ, ಬಿಗಿ ಬೇರೆ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಥರ್ಡ್ ಸೆಮ್ ತನಕ ಸ್ಟ್ರೆಂತ್ ಮತ್ತು ಸ್ಟಿಫ್‌ನೆಸ್ ಎರಡೂ ಒಂದೇ ಥರ ಕೇಳಿಸ್ತಿತ್ತು. ಕನ್ನಡದಲ್ಲಿ ಯೋಚನೆ ಮಾಡಿದ ಮೇಲೇ ತಲೆಗೆ ಹತ್ತಿದ್ದು. ಹಪ್ಪಳ ಬಿಗಿ, ಆದ್ರೆ ಗಟ್ಟಿ ಅಲ್ಲ: ಬಾಗಲ್ಲ, ಟಪ್ ಅಂತ ಮುರಿಯುತ್ತೆ. ಹವಾಯಿ ಚಪ್ಪಲಿ ಗಟ್ಟಿ, ಆದ್ರೆ ಬಿಗಿ ಅಲ್ಲ: ಎಷ್ಟು ಬೇಕಾದ್ರೂ ಬಾಗುತ್ತೆ, ಮುರಿಯಲ್ಲ. ಬ್ರೇಸ್ ಹಾಕೋದು ಕಾರು ಮುರಿಯದಿರಲಿ ಅಂತ ಅಲ್ಲ. ಅದು ಬಾಗೋದನ್ನ, ತಿರುಚಿಕೊಳ್ಳೋದನ್ನ ಕಡಿಮೆ ಮಾಡೋಕೆ.

ಕಾರು ತಿರುಚಿಕೊಂಡ್ರೆ ಏನಾಗುತ್ತೆ? ಸಸ್ಪೆನ್ಷನ್ ಡಿಸೈನ್ ಮಾಡಿದವರು ಬಾಡಿಯನ್ನ ಅಲ್ಲಾಡದ ನೆಲ ಅಂತ ಅಂದ್ಕೊಂಡಿರ್ತಾರೆ. ಆ ನೆಲವೇ ಅಲ್ಲಾಡಿದ್ರೆ ಚಕ್ರದ ಕೋನ ಅವರು ಹೇಳಿದ ಹಾಗೆ ಇರಲ್ಲ. ಸ್ಟಿಯರಿಂಗ್ ತಿರುಗಿಸಿದ ಮೇಲೆ ಹಿಂದಿನ ಚಕ್ರಕ್ಕೆ ಸುದ್ದಿ ಮುಟ್ಟೋದು ಸ್ವಲ್ಪ ತಡ ಆಗುತ್ತೆ.

ಟಾಪ್ ಇಲ್ಲದ ಕಾರಲ್ಲಿ ಇದು ಜಾಸ್ತಿ. ಶೂ ಬಾಕ್ಸ್ ತಗೊಂಡು ಮುಚ್ಚಳ ಹಾಕಿ ಟೇಪ್ ಸುತ್ತಿ ತಿರುಚಿ ನೋಡಿ, ಜಗ್ಗಲ್ಲ. ಮುಚ್ಚಳ ತೆಗೆದು ತಿರುಚಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಗುತ್ತೆ. ರಟ್ಟು ಅದೇ, ಆಕಾರ ಮಾತ್ರ ಬದಲಾಗಿದೆ. ಅಣ್ಣನ ಕಾರು ಮುಚ್ಚಳ ಇಲ್ಲದ ಶೂ ಬಾಕ್ಸು. ಇದು ಮಾಜ್ದಾದವರಿಗೆ ಗೊತ್ತಿರಲಿಲ್ಲ ಅಂತಲ್ಲ. 1989ರಲ್ಲಿ 1.6 ಲೀಟರ್ ಎಂಜಿನ್ ಜೊತೆ ಬಂದ ಕಾರಿಗೆ 1994ರ ಮಾಡೆಲ್‌ನಲ್ಲಿ 1.8 ಲೀಟರ್ ಎಂಜಿನ್ ಕೊಟ್ಟಾಗ, ಸೀಟಿನ ಹಿಂದೆಯೂ ಅಡಿಯಲ್ಲೂ ಕಂಪನಿಯೇ ಹೆಚ್ಚುವರಿ ಬ್ರೇಸ್ ಹಾಕ್ತು. ಹಾಗಾಗಿ "ಬ್ರೇಸ್ ಅನ್ನೋದೇ ಸುಳ್ಳು" ಅನ್ನೋ ಗೆಳೆಯರ ಜೊತೆ ನಾವಿಲ್ಲ.

ಎರಡು ಸ್ಪ್ರಿಂಗ್‌ಗಳ ಲೆಕ್ಕ

ಆದ್ರೆ "ಹಾಕಿದ್ರೆ ಒಳ್ಳೇದೇ" ಅನ್ನೋರ ಜೊತೆಗೂ ನಾವಿಲ್ಲ. ಯಾಕೆ ಅಂತ ಈ ಲೆಕ್ಕದಲ್ಲಿ ನೋಡಿ.

ಸಸ್ಪೆನ್ಷನ್ ಒಂದು ಸ್ಪ್ರಿಂಗ್, ತಿರುಚಿಕೊಳ್ಳೋ ಚಾಸಿಸ್ ಇನ್ನೊಂದು ಸ್ಪ್ರಿಂಗ್, ಎರಡೂ ಸರಣಿಯಲ್ಲಿವೆ ಅಂತ ಇಟ್ಕೊಳ್ಳಿ. ಸರಣಿಯಲ್ಲಿದ್ದಾಗ ಮೆತ್ತಗಿರೋ ಸ್ಪ್ರಿಂಗ್‌ನದ್ದೇ ರಾಜ್ಯ. ಲೆಕ್ಕ ಸುಲಭ ಆಗ್ಲಿ ಅಂತ ನಾವೇ ಅಂಕಿ ಹಿಡ್ಕೊಂಡಿದ್ದೀವಿ: ಸಸ್ಪೆನ್ಷನ್ ಒಂದು ಡಿಗ್ರಿಗೆ 600 ನ್ಯೂಟನ್ ಮೀಟರ್, ಚಾಸಿಸ್ ಒಂದು ಡಿಗ್ರಿಗೆ 6,000. ಎರಡೂ ಸೇರಿದ್ರೆ 545. ಈಗ ಬ್ರೇಸ್ ಹಾಕಿ ಚಾಸಿಸ್‌ನ 20 ಪರ್ಸೆಂಟ್ ಬಿಗಿ ಮಾಡಿದ್ವಿ, ಅಂದ್ರೆ 7,200. ಒಟ್ಟು 554. ಚಾಸಿಸ್ 20 ಪರ್ಸೆಂಟ್ ಬಿಗಿ ಆದ್ರೂ ಚಕ್ರಕ್ಕೆ ಮುಟ್ಟಿದ ಲಾಭ ಬರೀ ಒಂದೂವರೆ ಪರ್ಸೆಂಟ್!

ಅದೇ ಕಾರಿಗೆ ರೇಸ್ ಸ್ಪ್ರಿಂಗ್ ಹಾಕಿ ಸಸ್ಪೆನ್ಷನ್‌ನ 2,400 ಮಾಡಿ. ಬ್ರೇಸ್ ಇಲ್ಲದೆ ಒಟ್ಟು 1,714, ಬ್ರೇಸ್ ಹಾಕಿದ್ರೆ 1,800. ಲಾಭ 5 ಪರ್ಸೆಂಟ್. ಬ್ರೇಸ್ ಅದೇ, ದುಡ್ಡು ಅದೇ, ಲಾಭ ಮಾತ್ರ ಮೂರು ಪಟ್ಟಿಗಿಂತ ಜಾಸ್ತಿ. ಟ್ರ್ಯಾಕ್‌ನಲ್ಲಿ, ಬಿಗಿ ಸ್ಪ್ರಿಂಗ್ ಮತ್ತು ರಸ್ತೆ ಕಚ್ಚೋ ಟೈರ್ ಹಾಕಿ ಓಡಿಸೋರು "ಬ್ರೇಸ್ ಹಾಕಿದ ಮೇಲೆ ಕಾರೇ ಬೇರೆ" ಅಂದ್ರೆ ಅದು ನಿಜ ಇರಬಹುದು. ಆಫೀಸಿಗೆ ಹೋಗಿ ಬರೋ ಕಾರಿಗೆ ಅದೇ ಮಾತು ಅನ್ವಯಿಸಲ್ಲ. ಇಂಟರ್ನೆಟ್‌ನಲ್ಲಿ ಜಗಳ ಆಡೋ ಇಬ್ಬರೂ ಸತ್ಯ ಹೇಳ್ತಿರಬಹುದು, ಅವರವರ ಕಾರಿನ ಸತ್ಯ.

ಬಾರ್ ನೇರ ಇದೆಯಾ?

ಎರಡನೇ ನ್ಯಾಪ್ಕಿನ್ ಸ್ಟ್ರಟ್ ಬಾರ್‌ದು. ಎಂಜಿನ್ ಮೇಲಿಂದ ಹಾದು, ಎಡ ಬಲ ಶಾಕ್ ಅಬ್ಸಾರ್ಬರ್‌ಗಳ ತಲೆಯನ್ನ ಕಟ್ಟೋ ಪೈಪಿದು. ಅದು ಕೆಲಸ ಮಾಡೋದು ಉದ್ದುದ್ದಕ್ಕೆ ತಳ್ಳೋ ಎಳೆಯೋ ಬಲಕ್ಕೆ. 25 ಮಿ.ಮೀ. ಹೊರವ್ಯಾಸ, 2 ಮಿ.ಮೀ. ದಪ್ಪ, 1 ಮೀಟರ್ ಉದ್ದದ ನೇರ ಸ್ಟೀಲ್ ಪೈಪ್ ತಗೊಂಡು ಲೆಕ್ಕ ಹಾಕಿದ್ವಿ. ಅದನ್ನ ಉದ್ದಕ್ಕೆ 1 ಮಿ.ಮೀ. ಕುಗ್ಗಿಸಬೇಕಂದ್ರೆ ಸುಮಾರು 29,000 ನ್ಯೂಟನ್ ಬೇಕು, ಹತ್ತಿರ ಹತ್ತಿರ ಮೂರು ಟನ್ ಭಾರ. ಭಲೇ ಪೈಪು!

ಆದ್ರೆ ಎಂಜಿನ್ ಅಡ್ಡ ಬರುತ್ತೆ ಅಂತ ಎಷ್ಟೋ ಬಾರ್‌ಗಳನ್ನ ಬಗ್ಗಿಸಿರ್ತಾರೆ. ಅದೇ ಪೈಪ್ ನಡುವಲ್ಲಿ ಬರೀ 50 ಮಿ.ಮೀ. ಮೇಲಕ್ಕೆ ಬಾಗಿದೆ, ತುದಿಗಳಲ್ಲಿ ಪಿನ್ ಜಾಯಿಂಟ್ ಇದೆ ಅಂತಿಟ್ಕೊಳ್ಳಿ. ಈಗ 1 ಮಿ.ಮೀ. ಕುಗ್ಗಿಸೋಕೆ ಸುಮಾರು 2,100 ನ್ಯೂಟನ್ ಸಾಕು. ಹದಿಮೂರನೇ ಒಂದು ಪಾಲು! ಉದ್ದಕ್ಕೆ ತಳ್ಳಿದ ಬಲ ಪೈಪನ್ನ ಕುಗ್ಗಿಸೋ ಬದಲು ಬಗ್ಗಿಸ್ತಿದೆ. ನಾವು ಇದನ್ನ ಎರಡು ಸಲ ಲೆಕ್ಕ ಹಾಕಿದ್ವಿ, ಮೊದಲ ಸಲ ಉತ್ತರ ನಂಬಲಿಲ್ಲ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕ ಇಟ್ಕೊಂಡು ನೀವೂ ಹಾಕಿ ನೋಡಿ, ಇಂಟರ್ನಲ್ಸ್‌ಗೂ ಆಗುತ್ತೆ.

ಇನ್ನೊಂದು ವಿಷಯ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರೋ ಕಾರಲ್ಲಿ ಸ್ಟ್ರಟ್‌ನ ತಲೆಯೇ ಚಕ್ರದ ಕೋನವನ್ನ ಹಿಡಿದಿರೋ ಒಂದು ಬಿಂದು. ಅಲ್ಲಿ ಅಡ್ಡಡ್ಡ ಬಲವೂ ಬರುತ್ತೆ. ಟೊಯೊಟಾ 86 ಮುಂಭಾಗ ಹೀಗಿದೆ, ಅಂಥ ಕಾರಲ್ಲಿ ಬಾರ್‌ಗೆ ಅರ್ಥ ಇದೆ. ಎಂಎಕ್ಸ್-5ರಲ್ಲಿ ನಾಲ್ಕೂ ಕಡೆ ಡಬಲ್ ವಿಶ್‌ಬೋನ್. ತಿರುವಿನಲ್ಲಿ ಬರೋ ಅಡ್ಡ ಬಲವೆಲ್ಲ ಎರಡು ತೋಳುಗಳ ಮೂಲಕ ಕೆಳಗಿನ ಸಬ್‌ಫ್ರೇಮಿಗೆ ಹೋಗುತ್ತೆ. ಮೇಲಿನ ತಲೆಗೆ ಬರೋದು ಮುಖ್ಯವಾಗಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ನ ಬಲ. ಅಲ್ಲಿ ಬಾರ್ ಹಾಕೋದು, ಜಗಳ ಅಡುಗೆಮನೆಯಲ್ಲಿ ನಡೀತಿದ್ರೆ ಪಡಸಾಲೆಯಲ್ಲಿ ಪಂಚಾಯ್ತಿ ಮಾಡಿದ ಹಾಗೆ.

ಎಂಜಿನ್ ತಲೆ ಅಲ್ಲಾಡಿಸಿದ್ರೆ

ಮೂರನೇದು ಎಂಜಿನ್ ಡ್ಯಾಂಪರ್. ಹಳೇ ಕೆಂಪು ಬಸ್ಸಿನಲ್ಲಿ ಮುಂದಿನ ಸೀಟಲ್ಲಿ ಕೂತವರಿಗೆ ಗೊತ್ತು, ಸ್ಟಾಪಲ್ಲಿ ನಿಂತಾಗ ಗೇರ್ ಲಿವರ್ ಹೇಗೆ ಗಡಗಡ ಅಲ್ಲಾಡುತ್ತೆ ಅಂತ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತೆ. ಆಕ್ಸಿಲರೇಟರ್ ಒತ್ತಿದ್ರೆ ಒಂದು ಕಡೆ ವಾಲುತ್ತೆ, ಬಿಟ್ರೆ ಇನ್ನೊಂದು ಕಡೆ. ಈ ವಾಲಾಟವನ್ನ ತಡೆಯೋಕೆ ಎಂಜಿನ್‌ಗೂ ಬಾಡಿಗೂ ನಡುವೆ ಒಂದು ಪುಟ್ಟ ಶಾಕ್ ಅಬ್ಸಾರ್ಬರ್ ಹಾಕೋದೇ ಎಂಜಿನ್ ಡ್ಯಾಂಪರ್.

ಬ್ರೇಸ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಬ್ರೇಸ್ ಎಷ್ಟು ದೂರ ಸರಿದಿದೆ ಅಂತ ನೋಡಿ ತಡೆಯುತ್ತೆ. ಡ್ಯಾಂಪರ್ ಎಷ್ಟು ಜೋರಾಗಿ ಸರೀತಿದೆ ಅಂತ ನೋಡಿ ತಡೆಯುತ್ತೆ. ನಮ್ಮ ಸಮೀಕರಣದಲ್ಲಿ ಒಂದು ಕೆ, ಇನ್ನೊಂದು ಸಿ. ಎಂಜಿನ್ ಅಡ್ಡಡ್ಡ ಕೂತಿರೋ, ಮುಂದಿನ ಚಕ್ರ ಓಡಿಸೋ ಕಾರಲ್ಲಿ ಎಂಜಿನ್ ಹಿಂದೆ ಮುಂದೆ ತೂಗಾಡುತ್ತೆ. ಅಂಥ ಕಡೆ ಡ್ಯಾಂಪರ್ ಹಾಕಿದ್ರೆ ಆಕ್ಸಿಲರೇಟರ್ ಬಿಟ್ಟು ಒತ್ತುವಾಗಿನ ಎಳೆದಾಟ ಕಡಿಮೆ ಆಗೋದು ನಿಜ.

ಅದಕ್ಕೆ ಬೆಲೆಯೂ ಕಟ್ಟಬೇಕು. ನಾಲ್ಕು ಸಿಲಿಂಡರ್ ಎಂಜಿನ್ ಐಡಲ್‌ನಲ್ಲಿ 800 ಆರ್‌ಪಿಎಂ ಅಂದ್ರೆ, ಒಂದು ಸುತ್ತಿಗೆ ಎರಡು ಸಿಲಿಂಡರ್ ಉರಿದು, ಸೆಕೆಂಡಿಗೆ ಸುಮಾರು 27 ಏಟು. ಮೌಂಟಿಂಗ್ ಮೇಲಿರೋ ಎಂಜಿನ್‌ನ ಸಹಜ ಕಂಪನ ಸೆಕೆಂಡಿಗೆ 10 ಅಂತ ಹಿಡಿದ್ರೆ, ಏಟು ಅದರ 2.7 ಪಟ್ಟು. ಸೀನಿಯರ್‌ಗಳ ವೈಬ್ರೇಶನ್ಸ್ ಪುಸ್ತಕ ತೆಗೆದು ನೋಡಿದ್ವಿ. ಈ ಅನುಪಾತ 1.41 ದಾಟಿದ ಮೇಲೆ ಡ್ಯಾಂಪಿಂಗ್ ಜಾಸ್ತಿ ಮಾಡಿದಷ್ಟೂ ಬಾಡಿಗೆ ನಡುಕ ಜಾಸ್ತಿ ಹೋಗುತ್ತೆ, ಕಡಿಮೆ ಅಲ್ಲ! ಡ್ಯಾಂಪರ್ ಹಾಕಿಸಿದವರು "ಸಿಗ್ನಲ್‌ನಲ್ಲಿ ನಿಂತಾಗ ಸೀಟೆಲ್ಲ ನಡುಗುತ್ತೆ" ಅನ್ನೋದು ಇದಕ್ಕೇ. ಕೆಲವರಿಗೆ ಆ ನಡುಕವೇ ರೇಸ್ ಕಾರ್ ಥರ ಅನ್ನಿಸುತ್ತೆ. ಅನ್ನಿಸಲಿ, ಆದ್ರೆ ಕಾರು ಅದರಿಂದ ಬೇಗ ಓಡಲ್ಲ.

ಬಿಗಿಯೂ ಬೇಕು ಮೆತ್ತಗೂ ಬೇಕು ಅನ್ನೋ ಈ ಪೇಚಾಟಕ್ಕೆ ಪೋರ್ಷೆಯವರು 911 ಜಿಟಿ3ಯಲ್ಲಿ ಬೇರೆ ದಾರಿ ಹುಡುಕಿದ್ರು. ಅದರ ಮೌಂಟಿಂಗ್ ಒಳಗೆ ಕಾಂತಕ್ಕೆ ಸ್ಪಂದಿಸೋ ದ್ರವ ಇದೆ. ನಿಧಾನ ಹೋಗುವಾಗ ಮೆತ್ತಗಿದ್ದು, ಜೋರಾಗಿ ಓಡಿಸುವಾಗ ಬಿಗಿ ಆಗುತ್ತೆ. ಒಂದೇ ಡ್ಯಾಂಪರ್ ಎರಡೂ ಕೆಲಸ ಚೆನ್ನಾಗಿ ಮಾಡೋ ಹಾಗಿದ್ರೆ ಅಷ್ಟು ಕಷ್ಟ ಯಾಕೆ ಪಡ್ತಿದ್ರು?

ಎದುರು ಪಕ್ಷದ ವಾದ

ನ್ಯಾಯವಾಗಿ ಅವರ ಮಾತೂ ಕೇಳಬೇಕು. "ಕಂಪನಿಗಳೇ ಇಂಥ ಪಾರ್ಟ್ ಹಾಕ್ತಾವಲ್ಲ?" ಹೌದು. ಯಮಹಾದವರ ಬಾಡಿ ಡ್ಯಾಂಪರ್ ಲೆಕ್ಸಸ್ ಸಿಟಿ 200ಎಚ್‌ನಲ್ಲಿ ಕಾರ್ಖಾನೆಯಿಂದಲೇ ಬರ್ತಿತ್ತು. ಸುಬಾರುವಿನ ಎಸ್‌ಟಿಐ ಮಾರೋ ಫ್ಲೆಕ್ಸಿಬಲ್ ಟವರ್ ಬಾರ್‌ನ ನಡುವೆ ಒಂದು ಕೀಲು ಇದೆ. ಅಡ್ಡಡ್ಡ ಬಿಗಿ ಹಿಡಿಯುತ್ತೆ, ಮೇಲೆ ಕೆಳಗೆ ಅಲ್ಲಾಡೋಕೆ ಬಿಡುತ್ತೆ. ಎರಡನೇ ತಲೆಮಾರಿನ ಬಿಆರ್‌ಜೆಡ್ ಕಾರಿನ ಬಾಡಿ ತಿರುಚುವಿಕೆಗೆ 50 ಪರ್ಸೆಂಟ್ ಹೆಚ್ಚು ಬಿಗಿ ಅಂತ ಸುಬಾರು ಹೆಮ್ಮೆಯಿಂದಲೇ ಹೇಳಿತ್ತು.

ಆದ್ರೆ ಗಮನಿಸಿ. ಅವರು ಎಲ್ಲ ಕಡೆ ಬಿಗಿ ಮಾಡಲಿಲ್ಲ. ಯಾವ ದಿಕ್ಕಿಗೆ ಬಿಗಿ ಬೇಕು, ಯಾವ ದಿಕ್ಕಿಗೆ ಬಿಡಬೇಕು ಅಂತ ಅಳೆದು ಮಾಡಿದ್ರು. ಅದಕ್ಕೆ ತಕ್ಕ ಹಾಗೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎಲ್ಲ ಒಟ್ಟಿಗೆ ಹೊಂದಿಸಿದ್ರು. ನಾವು ಕಾರ್ಟ್‌ಗೆ ಹಾಕೋದು ಪೈಪನ್ನ ಮಾತ್ರ, ಅವರ ಅಳತೆ ಅದರ ಜೊತೆ ಬರಲ್ಲ.

"ಓಡಿಸೋರಿಗೆ ಧೈರ್ಯ ಬಂದ್ರೆ ಅದೂ ಸುಧಾರಣೆ ಅಲ್ವಾ?" ಅಂತ ಇನ್ನೊಂದು ಪ್ರಶ್ನೆ. ಇದು ನಿಜಕ್ಕೂ ಒಳ್ಳೇ ಪ್ರಶ್ನೆ. ಸ್ಪೋರ್ಟ್ಸ್ ಕಾರು ಕೊಳ್ಳೋದೇ ಖುಷಿಗೆ. ಡ್ಯಾಶ್‌ಬೋರ್ಡ್ ಕಿರುಗುಟ್ಟೋದು ನಿಂತು, ಸ್ಟಿಯರಿಂಗ್ ಕಾಲಂ ನಡುಗೋದು ಕಡಿಮೆ ಆದ್ರೆ ಅದೂ ಲಾಭವೇ. ನಮ್ಮ ಷರತ್ತು ಒಂದೇ: ಅದು ಕಾರಿನಿಂದ ಬಂದಿರಬೇಕು, ದುಡ್ಡು ಕೊಟ್ಟಿದ್ದೀವಿ ಅನ್ನೋ ನೆನಪಿನಿಂದ ಬಂದಿರಬಾರದು. ಧೈರ್ಯ ಸುಳ್ಳಾಗಿದ್ರೆ ತಿರುವಿನಲ್ಲಿ ಅದು ಅಪಾಯವೂ ಹೌದು.

ಅಣ್ಣ ಏನು ಮಾಡಿದ್ರು

ನಾವು ಅಣ್ಣನಿಗೆ ಹೌದು ಅಂತಾಗಲಿ ಬೇಡ ಅಂತಾಗಲಿ ಹೇಳಲಿಲ್ಲ. ಮೂರು ಕೆಲಸ ಹೇಳಿದ್ವಿ. ಮೂರಕ್ಕೂ ಖರ್ಚಿಲ್ಲ.

ಒಂದು, ಗೊತ್ತಿಲ್ಲದ ಹಾಗೆ ಪರೀಕ್ಷೆ. ಅವರ ಜೊತೆ ಕೆಲಸ ಮಾಡೋರೊಬ್ಬರ ಹತ್ರ ಅದೇ ಮಾಡೆಲ್ ಕಾರು ಇತ್ತು, ಅದರ ಸ್ಟ್ರಟ್ ಬಾರ್ ಸಾಲ ತಂದ್ರು. ಬ್ರ್ಯಾಕೆಟ್ ಎರಡೂ ಹಾಗೇ ಇರುತ್ತೆ, ನಡುವಿನ ಬಾರ್ ಇದೆಯಾ ಇಲ್ವಾ ಅಂತ ಬಾನೆಟ್ ಮುಚ್ಚಿದ ಗೆಳೆಯನಿಗೆ ಮಾತ್ರ ಗೊತ್ತು. ಅದೇ ರಸ್ತೆ, ಅದೇ ವೇಗ, ಆರು ಸಲ. ಅಣ್ಣ ಸರಿ ಹೇಳಿದ್ದು ಮೂರು ಸಲ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು. ಆರು ಸಲ ಸಾಲದು ಅಂತ ನಮಗೂ ಗೊತ್ತು, ಆದ್ರೆ "ಕಾರೇ ಬೇರೆ ಆಗುತ್ತೆ" ಅನ್ನೋ ಮಾತು ನಿಜವಾಗಿದ್ರೆ ಆರಕ್ಕೆ ಆರೂ ಸರಿ ಬರಬೇಕಿತ್ತು.

ಎರಡು, ಬಾನೆಟ್ ತೆಗೆದು ಎಂಜಿನ್ ಮೌಂಟಿಂಗ್ ನೋಡೋದು. ಈ ಕಾರಲ್ಲಿ ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಒಂದು ಅಲ್ಯೂಮಿನಿಯಂ ಚೌಕಟ್ಟು ಕಟ್ಟಿ ಹಿಡಿದಿರುತ್ತೆ, ಎಂಜಿನ್ ಹಿಂದೆ ಮುಂದೆ ತೂಗಾಡೋ ಪ್ರಶ್ನೆ ಅಷ್ಟಿಲ್ಲ. ಹಾಗಾದ್ರೆ ಗೇರ್ ಲಿವರ್ ಯಾಕೆ ಅಷ್ಟು ಕುಣೀತಿತ್ತು? ಮೌಂಟಿಂಗ್ ರಬ್ಬರ್ ಬಿರುಕು ಬಿಟ್ಟು ಕೂತುಹೋಗಿತ್ತು. ಹೊಸದು ಹಾಕಿಸಿದ್ರು, ಕುಣಿತ ನಿಂತಿತು. ಡ್ಯಾಂಪರ್ ಹಾಕಿದ್ದಿದ್ರೆ ಆ ಸತ್ತ ರಬ್ಬರ್ ಇನ್ನೂ ಎರಡು ವರ್ಷ ಯಾರ ಕಣ್ಣಿಗೂ ಬೀಳ್ತಿರಲಿಲ್ಲ.

ಮೂರು, ಒಂದು ಮೂಲೆಯನ್ನ ಜ್ಯಾಕ್ ಹಾಕಿ ಎತ್ತಿ, ಬಾಗಿಲು ತೆಗೆದು ಹಾಕಿ ನೋಡೋದು. ಚಾಸಿಸ್ ತಿರುಚಿಕೊಂಡ್ರೆ ಬಾಗಿಲಿನ ಸಂದಿ ಬದಲಾಗುತ್ತೆ. ಒಂದು ಕಡೆ ಬಾಗಿಲು ಉಜ್ಜಿತು. ಅಣ್ಣ ಅಡಿಗೆ ಬಗ್ಗಿ ನೋಡಿದ್ರೆ, ಹಿಂದಿನ ಚಕ್ರದ ಮುಂದೆ, ಬಾಗಿಲಿನ ಕೆಳಗಿನ ಸಿಲ್‌ನಲ್ಲಿ ಪೇಂಟ್ ಉಬ್ಬಿತ್ತು. ಸ್ಕ್ರೂಡ್ರೈವರ್ ಒತ್ತಿದ್ರು. ಒಳಗೆ ಹೋಯ್ತು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕೋ ಊರಿನ ಕಾರು, ತುಕ್ಕು ಒಳಗಿಂದ ತಿಂದಿತ್ತು.

ಟಾಪ್ ಇಲ್ಲದ ಕಾರಿಗೆ ಆ ಸಿಲ್ ಅಂದ್ರೆ ಬೆನ್ನುಮೂಳೆ. ಪಕ್ಕದಿಂದ ಯಾರಾದ್ರೂ ಗುದ್ದಿದ್ರೆ ತಡೆಯೋದೂ ಅದೇ. ಅದು ಕೊಳೆತಿರುವಾಗ ಅಡಿಗೆ ಬಣ್ಣದ ಬ್ರೇಸ್ ಹಾಕಿದ್ದಿದ್ರೆ ಕಾರು "ಬಿಗಿ ಆಯ್ತು" ಅಂತ ಅನ್ನಿಸ್ತಿತ್ತೇನೋ, ಗಟ್ಟಿ ಮಾತ್ರ ಆಗ್ತಿರಲಿಲ್ಲ. ಅಣ್ಣ ಆ ರಾತ್ರಿ ಗ್ರೂಪಲ್ಲಿ ಬರೆದ ಮೆಸೇಜ್ ಚಿಕ್ಕದು: "ಕಾರ್ಟ್ ಖಾಲಿ ಮಾಡಿದೆ ಕಣ್ರೋ. ವೆಲ್ಡಿಂಗ್‌ಗೆ ಬಿಟ್ಟಿದ್ದೀನಿ."

ಸಿಲ್ ಸರಿಯಾದ ಮೇಲೆ ಅಡಿಯ ಬ್ರೇಸ್ ಒಂದನ್ನ ಹಾಕಿಸೋ ಯೋಚನೆ ಅವರಿಗಿದೆ. ನಾವೂ ಹೂಂ ಅಂದಿದ್ದೀವಿ, ಮಾಜ್ದಾದವರೇ ಆಮೇಲೆ ಬ್ರೇಸ್ ಸೇರಿಸಿದ ಕಾರದು. ಆದ್ರೆ ಹಾಕೋ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ, ಅದೇ ಹಾಳು ರಸ್ತೆಯಲ್ಲಿ ಫೋನನ್ನ ಡ್ಯಾಶ್‌ಬೋರ್ಡ್‌ಗೆ ಅಂಟಿಸಿ ನಡುಕ ರೆಕಾರ್ಡ್ ಮಾಡಿ ಕಳಿಸಿ ಅಂತ ಕೇಳಿದ್ದೀವಿ. ಗ್ರಾಫ್ ಬಂದ್ರೆ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ, ನಮ್ಮ ಮಾತು ಸುಳ್ಳಾದ್ರೂ ಹಾಕ್ತೀವಿ.

ನಮ್ಮ ಕ್ಯಾಂಪಸ್ಸಿಗೆ ಇದರಲ್ಲಿ ಏನಿದೆ ಅಂತ ಕೇಳಬಹುದು. ನಮ್ಮ ಯಾರ ಹತ್ರಾನೂ ಸ್ಪೋರ್ಟ್ಸ್ ಕಾರಿಲ್ಲ. ಆದ್ರೆ ಪ್ರಾಜೆಕ್ಟ್ ಇದೆ. ಓಡದ ಕೋಡ್‌ಗೆ ಇನ್ನೊಂದು ಲೈಬ್ರರಿ, ಅಲ್ಲಾಡೋ ಫ್ರೇಮಿಗೆ ಇನ್ನೊಂದು ಪಟ್ಟಿ, ಬಿಸಿಯಾಗೋ ಸರ್ಕ್ಯೂಟ್‌ಗೆ ಇನ್ನೊಂದು ಫ್ಯಾನ್, ಹೀಗೆ ಸೇರಿಸ್ತಾ ಹೋಗೋ ಚಟ ನಮ್ಮೆಲ್ಲರಿಗೂ ಇದೆ. ವೈವಾದಲ್ಲಿ "ಸುಧಾರಿಸ್ತು ಅಂತ ಹೇಗೆ ಗೊತ್ತು?" ಅಂತ ಕೇಳಿದ್ರೆ ಗಂಟಲು ಒಣಗುತ್ತೆ.

ಹಾಗಾಗಿ ಮುಂದಿನ ಸಲ ಏನಾದ್ರೂ ಸೇರಿಸೋ ಮುಂಚೆ ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ಮೊದಲು ಸಿಲ್ ಒತ್ತಿ ನೋಡಿ.